ಐದನೆಯವರು ಬರೆದದ್ದು

"ನೀವೊಬ್ಬರು ಬರೀದೇ ಇದ್ರೆ ನಾವು ನಾಲ್ವರು ಬರೆದಿದ್ದೂ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ, ಸರ್!" ಎಂದಳು ರಿಪೇರಿ ವಿಭಾಗದ ಹುಡುಗಿ.

ಗಾದೆ ಸರ್ ತಲೆಯೆತ್ತಲಿಲ್ಲ. ಬಿಚ್ಚಿಟ್ಟ ಸರ್ವರಿನ ಫ್ಯಾನು ಒರೆಸುತ್ತಲೇ, "ಗಾದೆ ಹೇಳೋದು ನನ್ನ ಕೆಲಸ ಕಣಮ್ಮ. ಅದನ್ನೂ ಕಿತ್ಕೋತೀಯಾ?" ಎಂದರು.

ಸಾವಿರಾರು ಜನರ ದೊಡ್ಡ ಕಂಪನಿ ಅದು. ವರ್ಷಕ್ಕೊಮ್ಮೆ ಎಲ್ಲರ ಕಂಪ್ಯೂಟರಿಗೂ ಒಂದು ಫಾರಂ ಬರುತ್ತದೆ: ಇಲ್ಲಿ ಕೆಲಸ ಮಾಡುವುದು ಹೇಗನಿಸುತ್ತದೆ, ಮನಬಿಚ್ಚಿ ಬರೆಯಿರಿ, ಹೆಸರು ಬೇಡ. ಬರೆದವರ ಗುಟ್ಟು ರಟ್ಟಾಗದಿರಲೆಂದು ಒಂದು ನಿಯಮ ಬೇರೆ. ಒಂದು ವಿಭಾಗದಿಂದ ಐದು ಜನವಾದರೂ ಬರೆಯದಿದ್ದರೆ ಅಲ್ಲಿಯ ಅಭಿಪ್ರಾಯಗಳನ್ನು ತೆರೆಯುವುದೇ ಇಲ್ಲ. ಈ ರಿಪೇರಿ ವಿಭಾಗದಲ್ಲಿ ಇದ್ದವರೇ ಐದು ಜನ! ಗಾದೆ ಸರ್ ಬರೆಯುತ್ತಿರಲಿಲ್ಲ; ಮೂರು ವರ್ಷದಿಂದ ಉಳಿದ ನಾಲ್ವರ ಗೋಳನ್ನು ಯಾರೂ ಓದಿರಲಿಲ್ಲ.

ಈ ಸಲ ಅವಳಿಗೆ ಪ್ರಾಣಸಂಕಟ. ಭಾನುವಾರದ ಡ್ಯೂಟಿಗೆ ಪ್ರತಿ ವಾರ ಇಬ್ಬರು ಬೇಕು, ಇರುವುದು ಐವರು. ಮಗುವಿಗೆ ಎಂಟು ತಿಂಗಳು. ಗಂಡ ಬಸ್ ಡ್ರೈವರು, ಅವನಿಗೂ ಭಾನುವಾರ ರಜೆಯಿಲ್ಲ. ಮಗುವನ್ನು ಪಕ್ಕದ ಮನೆಯಲ್ಲಿ ಎಷ್ಟು ಸಲ ಬಿಡುವುದು? ಇನ್ನಿಬ್ಬರನ್ನು ಕೊಡಿ ಎಂದರೆ ಮ್ಯಾನೇಜರು, "ಮೇಲಿನವರಿಗೆ ತೋರಿಸೋಕೆ ಬರಹದಲ್ಲಿ ಏನಾದ್ರೂ ಬೇಕಲ್ಲಮ್ಮ" ಎನ್ನುತ್ತಿದ್ದರು. ಹಾಗಂತ ಕೆಲಸ ಬಿಡಲು ಮನಸ್ಸು ಒಪ್ಪುತ್ತಿರಲಿಲ್ಲ. ಸತ್ತ ಯಂತ್ರಕ್ಕೆ ಜೀವ ಬಂದು ಹಸಿರು ದೀಪ ಹತ್ತಿದರೆ ಅವಳಿಗೆ ಇವತ್ತಿಗೂ ಕುಣಿಯುವಷ್ಟು ಖುಷಿ. ಆದರೂ ರಾಜೀನಾಮೆ ಬರೆದಿಟ್ಟಾಗಿತ್ತು.

"ಒಂದು ಸಲ ಬರೆದಿದ್ದೆ ತಾಯಿ," ಎಂದರು ಗಾದೆ ಸರ್, ಈ ಸಲ ಮೆಲ್ಲಗೆ. "ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕ್ತೀರಿ ಅಂತ. ಆಗಿನ ಮ್ಯಾನೇಜರು ಎಲ್ಲ ವಿಭಾಗದವರ ಮೀಟಿಂಗಿನಲ್ಲಿ ಗಟ್ಟಿಯಾಗಿ ಓದಿದ. ಮೂವತ್ತು ಜನ ನನ್ನ ಕಡೆ ತಿರುಗಿ ನಕ್ಕರು. ಹೆಸರು ಬೇರೆ ಬೇಕಾ?"

ಅವಳಿಗೆ ನಗುವೂ ಬಂತು, ಅಳುವೂ ಬಂತು. ಥಟ್ಟನೆ, "ಹಾಗಾದ್ರೆ ಎಲ್ಲರೂ ಗಾದೇಲೇ ಬರೆಯೋಣ! ಯಾವುದು ನಿಮ್ಮದು ಅಂತ ಆ ಬ್ರಹ್ಮನಿಗೂ ಗೊತ್ತಾಗಬಾರದು" ಎಂದಳು.

ಟೀ ಹೊತ್ತಿಗೆ ನಾಲ್ವರೂ ಬರೆಯಲು ಕೂತರು. ಕೇಬಲ್ ಹಾಕುವವನು ತನ್ನದನ್ನು ಓದಿದ: "ರಜೆ ಅಂದ್ರೆ ನಮಗೆ ಕೈಗೆ ಬಂದ ತುತ್ತು ಮೂಗಿಗೆ ಬಾರದ ಹಾಗೆ."

"ಅಯ್ಯೋ ನಿನ್ನ! ತುತ್ತು ಮೂಗಿಗೆ ಯಾಕೋ ಹೋಗತ್ತೆ? ಬಾಯಿಗೆ, ಬಾಯಿಗೆ!" ಗಾದೆ ಸರ್ ಕುರ್ಚಿ ಎಳೆದುಕೊಂಡೇ ಬಿಟ್ಟರು. ಎಲ್ಲರದನ್ನೂ ತಿದ್ದಿದರು. ತಾವು ಬರೆಯುತ್ತೇನೆಂದು ಮಾತ್ರ ಹೇಳಲಿಲ್ಲ.

ಎರಡು ವಾರದ ಮೇಲೆ ಮ್ಯಾನೇಜರು ಐವರನ್ನೂ ಕೂರಿಸಿಕೊಂಡರು. ಕೈಯಲ್ಲಿ ಕಾಗದ. ಅವಳು ಗಾದೆ ಸರ್ ಕಡೆ ತಿರುಗಿದಳು: ಹಾಗಾದರೆ ಇವರೂ ಬರೆದಿದ್ದಾರೆ!

"ಇದೇನ್ರಪ್ಪ, ಗಾದೆಗಳ ಸಂತೆ?" ಎನ್ನುತ್ತ ಮ್ಯಾನೇಜರು ಒಂದೊಂದಾಗಿ ಓದಿದರು. ನಾಲ್ಕಕ್ಕೂ ನಗೆಯೋ ನಗೆ. ಐದನೆಯದಕ್ಕೆ ಬಂದಾಗ ಅವರ ದನಿ ಇಳಿಯಿತು.

"ಐದು ಜನ ಸಾಲದು, ಏಳು ಬೇಕು. ಇನ್ನಿಬ್ಬರು ಬರುವವರೆಗೆ ನಮ್ಮ ಹುಡುಗಿಯ ಭಾನುವಾರಗಳನ್ನು ನನಗೆ ಹಾಕಿ. ಒಳ್ಳೆಯ ಕೆಲಸಗಾರ್ತಿ, ಕಳೆದುಕೊಳ್ಳಬೇಡಿ."

ಗಾದೆಯಿಲ್ಲ. ಕೆಳಗೆ ಪೂರ್ತಿ ಹೆಸರು, ಉದ್ಯೋಗಿ ಸಂಖ್ಯೆ ಸಮೇತ.

"ಹೆಸರು ಬೇಡ ಅಂತ ದೊಡ್ಡದಾಗಿ ಬರೆದಿತ್ತಲ್ಲ ಸರ್?" ಎಂದಳು ಅವಳು.

"ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು," ಎಂದರು ಗಾದೆ ಸರ್.

ಯಾರೂ ನಗಲಿಲ್ಲ. ಅವಳಿಗೆ ಕಣ್ಣು ತುಂಬಿ ಎದುರಿದ್ದವರು ಮಸುಕಾದರು. ಮ್ಯಾನೇಜರು ಕಾಗದ ಮಡಚಿ ಎದ್ದು ನಿಂತರು.

"ಡೈರೆಕ್ಟರು ಈಗ ಮೇಲೇ ಇದ್ದಾರೆ. ಬನ್ನಿ, ಇಬ್ಬರೂ ಹೋಗಿ ಕೇಳೋಣ."

ಗಾದೆ ಸರ್ ಮಡಚಿದ್ದ ಅಂಗಿಯ ತೋಳುಗಳನ್ನು ಇಳಿಸಿ, ಗುಂಡಿ ಹಾಕಿಕೊಂಡರು. ಲಿಫ್ಟಿಗೆ ಕಾಯದೆ, ಮ್ಯಾನೇಜರಿಗಿಂತ ಎರಡು ಮೆಟ್ಟಿಲು ಮುಂದೆಯೇ ಹತ್ತತೊಡಗಿದರು.