ಬೆನ್ನ ಮೇಲಿನ ಕೆಸರು

ಬೆಳಿಗ್ಗೆ ಡೇರೆಯಿಂದ ಹೊರಬಂದ ಮೊಯ್ರಾ ಜಾರುಬಂಡಿಯ ಪಕ್ಕ ಕುಕ್ಕರಿಸಿದವಳು ಏಳಲೇ ಇಲ್ಲ. ಕೆರೆಯ ತಳದಿಂದ ಎತ್ತಿದ ಕೆಸರು ತುಂಬಿದ ಪಾರದರ್ಶಕ ಕೊಳವೆಗಳು ಹಿಮದಲ್ಲಿ ಅಚ್ಚುಕಟ್ಟಾಗಿ ಮಲಗಿದ್ದವು. ನರಿ ಮುಟ್ಟದಂತೆ ಸುತ್ತ ಹಿಮದ ಗಡ್ಡೆ ಪೇರಿಸಲಾಗಿತ್ತು.

“ನಾನೇ ಇಟ್ಟಿದ್ದು,” ಎಂದ ಅವಳನ್ನು ಕೆರೆಗೆ ಕರೆತಂದಿದ್ದ ಪಾಡ್ಲುಕ್, ಚಹಾ ಹೀರುತ್ತ. “ಒಳಗೆ ಸ್ಟೌವ್ ಬಿಸಿಗೆ ಕೆಟ್ಟುಹೋಗ್ತಿತ್ತು. ಈಗ ಕಲ್ಲಿನ ಹಾಗಾಗಿದೆ, ಇನ್ನೇನೂ ಭಯ ಇಲ್ಲ.”

ಮೀನಾಗಲಿ ಮಾಂಸವಾಗಲಿ, ಉಳಿಯಬೇಕಾದ್ದನ್ನೆಲ್ಲ ಹೆಪ್ಪುಗಟ್ಟಿಸುವುದು ಈ ಉತ್ತರದ ಹಿಮನಾಡಿನ ನಮ್ಮವರ ರೂಢಿ. ಪಾಡ್ಲುಕ್ ಅದನ್ನು ಪ್ರೀತಿಯಿಂದಲೇ ಮಾಡಿದ್ದ.

ಮೊಯ್ರಾ ಒಂದು ಕೊಳವೆಯನ್ನು ಬೆಳಕಿಗೆ ಹಿಡಿದಳು. ಕರಗಿದ ಹಿಮದ ನೀರು ಬೇಸಿಗೆಗೊಂದರಂತೆ ಹಾಸಿದ್ದ ತೆಳು ಪದರಗಳು ಹೆಪ್ಪುಗಟ್ಟಿ ಉಬ್ಬಿ, ಒಡೆದು, ಒಂದರೊಳಗೊಂದು ಸೇರಿಹೋಗಿದ್ದವು. ಅಜ್ಜಂದಿರ ಕಾಲದಲ್ಲಿ ಬೇಸಿಗೆ ಹೇಗಿತ್ತೆಂದು ಆ ಪದರಗಳಿಂದ ತಿಳಿಯಲು ಅವಳು ದಕ್ಷಿಣದಿಂದ ಬಂದಿದ್ದಳು. ಮುಂದಿನ ವರ್ಷ ಅವಳನ್ನು ಇಲ್ಲಿಗೆ ಕಳಿಸುವವರಿರಲಿಲ್ಲ.

“ಪರವಾಗಿಲ್ಲ,” ಎಂದಳು. ದನಿ ಹಾಗೆ ಹೇಳುತ್ತಿರಲಿಲ್ಲ.

ಪಾಡ್ಲುಕ್‌ನ ಹೆಂಡತಿ ಉಲಾಯುಕ್ ಡೇರೆಯಿಂದ ಇಣುಕಿದಳು. “ಅವಳೇನು ಕೆಸರನ್ನ ತಿನ್ನೋಕೆ ಇಟ್ಕೊಂಡಿದ್ಲಾ, ಮುದುಕ?”

ಅವನು ಉಳಿದ ಚಹಾವನ್ನು ಹಿಮದ ಮೇಲೆ ಚೆಲ್ಲಿದ.

ಹಿಂದಿನ ಸಂಜೆ ಕೊನೆಗೆ ತೆಗೆದ ಒಂದು ಕೊಳವೆ ಮಾತ್ರ ಹಾಸಿಗೆಗೆ ಒರಗಿ ಡೇರೆಯೊಳಗೇ ಉಳಿದಿತ್ತು. ಊರಿಗೆ ಇಡೀ ಹಗಲಿನ ದಾರಿ. ಜಾರುಬಂಡಿಯಲ್ಲಿಟ್ಟರೆ ಅದೂ ಕಲ್ಲಾಗುತ್ತಿತ್ತು.

“ಏನೇನು ಮಾಡಬಾರದು ಇದಕ್ಕೆ?” ಎಂದು ಉಲಾಯುಕ್ ಕೇಳಿದಳು.

“ಮಲಗಿಸಬಾರದು. ಕುಲುಕಬಾರದು. ಚಳಿ ತಾಗಬಾರದು.”

“ಅಷ್ಟೇನಾ? ಅಳೋದೂ ಇಲ್ಲ, ಒದೆಯೋದೂ ಇಲ್ಲ. ನಾನು ಹೆತ್ತವಕ್ಕಿಂತ ವಾಸಿ. ಕೊಡಿಲ್ಲಿ.”

ಬೆನ್ನಲ್ಲಿ ಕೂಸಿಗೆಂದೇ ಚೀಲವಿರುವ ತನ್ನ ದಪ್ಪ ಮೇಲಂಗಿ, ಅಮೌತಿಯನ್ನು ತೊಟ್ಟು ಅವಳು ಬಾಗಿದಳು. ಮೊಯ್ರಾ ಕೊಳವೆಯನ್ನು ನೆಟ್ಟಗೆ ಒಳಗಿಳಿಸಿದಳು. ಪಾಡ್ಲುಕ್ ಕೈಗವಸು ಕಳಚಿ, ಕೊರೆಯುವ ಚಳಿಯಲ್ಲೇ ಅವಳ ಸೊಂಟದ ಪಟ್ಟಿಯನ್ನು ಕಟ್ಟಿದ; ಬಿಚ್ಚಿ ಮತ್ತೆ ಕಟ್ಟಿದ.

ಜಾರುಬಂಡಿಯನ್ನೆಳೆಯುವ ಹಿಮಸ್ಕೂಟರನ್ನು ಅವನು ಅಷ್ಟು ಜೋಪಾನವಾಗಿ ಓಡಿಸಿದ್ದನ್ನು ಮೊದಲು ಯಾರೂ ಕಂಡಿರಲಿಲ್ಲ. ಒರಟು ಮಂಜುಗಡ್ಡೆ ಕಂಡಲ್ಲೆಲ್ಲ ಬಳಸಿ ಹೋದ. ನಡುನಡುವೆ ನಿಲ್ಲಿಸಿ ಹೆಂಡತಿಯ ಬೆನ್ನು ನೋಡುತ್ತಿದ್ದ.

“ಹೇಗಿದೆ?”

“ನಿದ್ದೆ ಮಾಡ್ತಿದೆ. ನೀನೇ ಎಬ್ಬಿಸ್ತೀಯ.”

ಚಹಾಕ್ಕೆ ನಿಂತಾಗ ಅವಳು ಕೇಳಿದಳು: “ಮಗಳೇ, ನಾನು ಹುಟ್ಟಿದ ಬೇಸಿಗೆ ಇದರಲ್ಲಿ ಎಲ್ಲಿರುತ್ತೆ?”

“ಮೇಲಿಂದ ಒಂದು ಬೆರಳಷ್ಟು ಕೆಳಗೆ.”

“ಬರೀ ಬೆರಳಷ್ಟಾ? ನಾನು ಬಹಳ ಹಳಬಳು ಅನ್ಕೊಂಡಿದ್ದೆ.”

“ಹಳಬಳೇ,” ಎಂದ ಪಾಡ್ಲುಕ್. “ಕೆರೆ ನಿನಗಿಂತ ಮುದಿ, ಅಷ್ಟೆ.”

ಮೊಯ್ರಾ ಬೆಳಗಿನಿಂದ ಮೊದಲ ಸಲ ನಕ್ಕಳು. ಅವನು ಥಟ್ಟನೆ ಮುಖ ತಿರುಗಿಸಿ ಎಂಜಿನ್ ಚಾಲೂ ಮಾಡಿದ.

ಮನೆ ಸೇರಿದಾಗ ವಸಂತದ ಉದ್ದ ಹಗಲು ಇನ್ನೂ ಮುಗಿದಿರಲಿಲ್ಲ. ಮೊಯ್ರಾ ಕೊಳವೆಯನ್ನು ಎರಡೂ ಕೈಯಲ್ಲಿ ಹೊರತೆಗೆದು ಅಡುಗೆಮನೆಯ ಕಿಟಕಿಗೆ ಹಿಡಿದಳು. ಮೇಲೆ ತಿಳಿನೀರು. ಅದರ ಕೆಳಗೆ ಕಪ್ಪು, ಬೂದು, ಕಪ್ಪು, ಬೂದು, ಒಂದೂ ಮುರಿಯದೆ ಕೆಳಗಿನವರೆಗೆ.

ಪಾಡ್ಲುಕ್ ಬೂಟು ಬಿಚ್ಚದೆ ಅವಳ ಹಿಂದೆಯೇ ನಿಂತು ನೋಡಿದ. ಆಮೇಲೆ ಕುರ್ಚಿಯೆಳೆದು ಕೂತು, ಎರಡೂ ಅಂಗೈಗಳಿಂದ ಮುಖ ಒರೆಸಿಕೊಂಡ.

ಬಾಗಿಲ ಬಳಿ, ಬೆನ್ನು ಖಾಲಿಯಾಗಿದ್ದ ಉಲಾಯುಕ್, ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತ ಮೆಲ್ಲಗೆ ತೂಗುತ್ತಲೇ ಇದ್ದಳು.