ಅಲಕಾಬಾಯಿಯವರ ಗೇಟು

ಅಲಕಾಬಾಯಿಯವರು ಗೇಟಿನ ಕಡೆ ನಡೆಯುವುದನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಹಿಂದವಾಡಿಯ ನಮ್ಮ ಓಣಿಯಲ್ಲಿ ಗಂಟೆ ಬಾರಿಸಿದ ಕೂಡಲೇ ಒದ್ದೆ ಕೈಯಲ್ಲಿ ಓಡಿಬರುವ ಗೃಹಿಣಿಯರೇ ಹೆಚ್ಚು; ಈಕೆ ಮಾತ್ರ ಮಳೆಯಿರಲಿ ಬಿಸಿಲಿರಲಿ, ಯಜಮಾನರಾದ ಮಾರ್ತಾಂಡರಾಯರ ಹಳೆಯ ಕಂದು ರೇನ್‌ಕೋಟನ್ನು ಹೆಗಲಿಗೇರಿಸಿ, ಸೊಂಟದ ಕೀಲಿಕೈ ಗೊಂಚಲಿನ ಮೇಲೆ ಎಡಗೈಯಿಟ್ಟು, ಆರತಿತಟ್ಟೆ ಹಿಡಿದವರ ಗಾಂಭೀರ್ಯದಿಂದ ಅಂಗಳ ದಾಟುತ್ತಿದ್ದರು. ಕೊಂಡಿಗೆ ಕೈಹಚ್ಚಿ, ತೆಗೆಯದೆ, ಬಂದವರನ್ನು ಪಾದದಿಂದ ಮುಡಿಯವರೆಗೆ ನಿರುಕಿಸಿ, ಯಾರ ಪೈಕಿ, ಯಾಕೆ ಬಂದದ್ದು, ಚೀಲದಲ್ಲೇನು ಎಂಬಿಷ್ಟನ್ನೂ ವಿಚಾರಿಸಿದ ಮೇಲೆಯೇ ಪ್ರವೇಶ. ಉತ್ತರ ಏನೇ ಬರಲಿ, "ಅದೂ ಖರೇ" ಎನ್ನುವುದು ಅವರ ವಾಡಿಕೆ. ಹಾಗೆಂದರೆ ಒಪ್ಪಿದರೆಂದಲ್ಲ, ಇನ್ನೊಂದು ಪ್ರಶ್ನೆ ಬರಲಿದೆಯೆಂದು ಅರ್ಥ.

ಮೇಲಿನ ಮಹಡಿಯಲ್ಲಿ ಮೈದುನನ ಸಂಸಾರ. ಅವನ ಹೆಂಡತಿ ವರದಾ ಬ್ಯಾಂಕಿನಲ್ಲಿ ಕೆಲಸಕ್ಕಿದ್ದಳು; ನಗುಮುಖದವಳು, ಯಾರು ಬಂದರೂ ಚಹಾಕ್ಕೆ ಕೂರಿಸುವವಳು. ಊರಿಗೆಲ್ಲ ಇಷ್ಟವಾಗುವುದೊಂದೇ ಆಕೆಯ ಅಪರಾಧ. ಆದರೂ ಆಕೆಯ ಅತಿಥಿಗಳು ಅಲಕಾಬಾಯಿಯವರ ಕೈಕೆಳಗೆ ನುಸುಳಿಯೇ ಮೆಟ್ಟಿಲು ಹತ್ತಬೇಕಿತ್ತು. ಆ ಒಂದು ಸಮಾಧಾನದ ಮೇಲೆ ಹಿರಿಯ ನೆಗೆಣ್ಣಿಯ ಹೊಟ್ಟೆಕಿಚ್ಚು ಹೇಗೋ ತಣ್ಣಗಿತ್ತು. ಹೋದ ಬೇಸಿಗೆಯಲ್ಲಿ ವರದಾ ಗೇಟಿಗೆ ಕರೆಂಟಿನ ಲಾಕ್ ಹಾಕಿಸಿದಳು. ಅಕ್ಕನವರು ಮಳೆಯಲ್ಲಿ ಎಷ್ಟೆಂದು ಅಡ್ಡಾಡಬೇಕು, ಇನ್ನು ಮೇಲೆ ಎರಡೂ ಅಡುಗೆಮನೆಗಳಲ್ಲಿ ಒಂದೊಂದು ಗುಂಡಿ, ಹೊರಗೆ ಎರಡು ಗಂಟೆ, ಅವರವರ ಮಂದಿಗೆ ಅವರವರೇ ತೆರೆದರಾಯಿತು ಎಂದಳು. ಆ ಕಾಳಜಿ ನಿಜವಾದದ್ದೆಂದು ತಿಳಿದೇ ಅಲಕಾಬಾಯಿಯವರಿಗೆ ಮೈಯೆಲ್ಲ ಉರಿಯಿತು.

ಲಾಕ್ ಕೂರಿಸಲು ಪೀರನವಾಡಿಯಿಂದ ಸುಮಿತನೆಂಬ ಮಿಸ್ತ್ರಿ ಬಂದ. ಶತ್ರುವಿನ ಮರ್ಮ ಅರಿಯಲು ಹೊರಟವರಂತೆ ಅಲಕಾಬಾಯಿ ಅವನ ಪಕ್ಕದಿಂದ ಕದಲಲಿಲ್ಲ. ಗೇಟು ರಪ್ಪನೆ ಮುಚ್ಚಿದಾಗ ಆ ಹೊಡೆತಕ್ಕೇ ಒಳಗಿನ ಸ್ಪ್ರಿಂಗು ಬಿಗಿಯಾಗುತ್ತದೆಂದೂ, ಗುಂಡಿ ಒತ್ತಿದ ಕ್ಷಣ ತಂತಿಯ ಸುರುಳಿಯೊಂದು ಅಯಸ್ಕಾಂತವಾಗಿ ಸಣ್ಣ ಕೊಕ್ಕೆಯನ್ನು ಎಳೆಯುತ್ತದೆಂದೂ, ಕೊಕ್ಕೆ ಜಾರಿತೆಂದರೆ ಸ್ಪ್ರಿಂಗು ತನ್ನ ಬಲದಿಂದಲೇ ಅಗುಳಿಯನ್ನು ಒಳಕ್ಕೆ ಸೆಳೆದುಕೊಳ್ಳುತ್ತದೆಂದೂ ಅವನು ವಿವರಿಸಿದ. ಕರೆಂಟು ಹೋದರೆ? ಗೇಟು ಮುಚ್ಚಿಯೇ ಇರುತ್ತದೆ, ಕೀಲಿಕೈಯಿಂದ ತೆಗೆಯಬಹುದು. ಮಳೆ ಬಂದರೆ? ಮುಚ್ಚಳದ ಕೆಳಗೆ ರಬ್ಬರಿನ ಪಟ್ಟಿ ಇದೆ, ತಂತಿಯನ್ನು ಕೆಳಕ್ಕೆ ಬಾಗಿಸಿ ಒಳಗೆ ಬಿಟ್ಟಿದ್ದರಿಂದ ನೀರು ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಹಾಗಾದರೆ ಲಾಕಿನ ಪೆಟ್ಟಿಗೆಯ ತಳದಲ್ಲಿ ಈ ತೂತು ಯಾಕೆ ಎಂದು ಅವರು ಕೇಳಿದರು.

"ನೀರು ಒಳಗ ಬರೂದ ಇಲ್ಲ ಅಂತಲ್ರಿ ಬಾಯಾರ, ಎಲ್ಲೋ ಒಂದಿಷ್ಟು ಬಂದ ಬರತೈತಿ. ಬಂದ ನೀರು ನಿಂದರಬಾರದು, ಅಷ್ಟ. ಇದೊಂದು ತೂತು ಮುಚ್ಚಬ್ಯಾಡ್ರಿ," ಎಂದ ಸುಮಿತ.

"ಅದೂ ಖರೇ," ಎಂದರು ಅಲಕಾಬಾಯಿ.

ಅವರ ತವರು ಖಾನಾಪುರ. ಮುಂಗಾರು ಹಿಡಿಯಿತೆಂದರೆ ಅಲ್ಲಿ ಬಾಗಿಲ ಅಗುಳಿಗಳಿಗೆ ಗ್ರೀಸು ಬಳಿದು ಬಟ್ಟೆ ಸುತ್ತಿಡುವುದು ರೂಢಿ; ಕಬ್ಬಿಣವನ್ನು ತಿಂದು ತೇಗುವ ಮಳೆಯ ಮೇಲೆ ಆ ಊರಿನ ಮಗಳಿಗೆ ಬಲವಾದ ಭರವಸೆಯಿತ್ತು. ಜೂನ್ ಬಂತು, ಮಳೆಯೂ ಬಂತು, ಲಾಕ್ ಮಾತ್ರ ಒತ್ತಿದಾಗಲೆಲ್ಲ ಟಕ್ಕೆಂದು ತೆರೆಯಿತು. ಕರೆಂಟು ಹೋದ ದಿನ ವರದಾ ಕೀಲಿಕೈಯನ್ನು ಪುಟ್ಟ ಬುಟ್ಟಿಯಲ್ಲಿಟ್ಟು ಹಗ್ಗಕಟ್ಟಿ, ಓಣಿಗೆ ಚಾಚಿದ ಮೇಲಿನ ವರಾಂಡದಿಂದ ಇಳಿಬಿಟ್ಟಳು. ಬಂದವರಿಗೆ ಅದೂ ಒಂದು ಮೋಜು. ಅಡುಗೆಮನೆಯಲ್ಲಿ ಕೂತು ಆ ಟಕ್ಕೆಂಬ ಸದ್ದನ್ನೂ ಮೆಟ್ಟಿಲು ಹತ್ತುವ ಹೆಜ್ಜೆಗಳನ್ನೂ ಮೇಲಿಂದ ಇಳಿಯುವ ನಗೆಯನ್ನೂ ಕೇಳುವುದು ಅಲಕಾಬಾಯಿಯವರ ದಿನಚರಿಯಾಯಿತು. ತಮ್ಮ ಗುಂಡಿಯನ್ನು ಅವರು ಮುಟ್ಟಲಿಲ್ಲ. ತಮ್ಮವರು ಬಂದರೆ ರೇನ್‌ಕೋಟು ಹೊದ್ದು ನಡೆದೇ ಹೋದರು. ತಮ್ಮವರು ಬರುವುದೇ ಕಡಿಮೆಯಾಗಿತ್ತು.

ಇದೆಲ್ಲವನ್ನೂ ನುಂಗಿಕೊಳ್ಳುತ್ತಿದ್ದರೇನೋ. ಆದರೆ ಒಂದು ಸಂಜೆ ಮೇಲಿನ ಗಂಟೆ ಬಾರಿಸಿದ್ದು ಅವರ ಸ್ವಂತ ಮಗ ಆಶಿಶ್. ಉದ್ಯಮಬಾಗದ ಕಾರ್ಖಾನೆಯಿಂದ ದಣಿದು ಬಂದವನಿಗೆ ಯಾಕೆ ತಡ, ಯಾರ ಜೋಡಿ ಇದ್ದಿ ಎಂಬ ವಿಚಾರಣೆ ಬೇಡವಾಗಿತ್ತು. ಕಾಕು, ಅಂದರೆ ಚಿಕ್ಕಮ್ಮ ವರದಾ, ಒತ್ತಿದರೆ ಗೇಟು ತೆರೆಯುತ್ತದೆ, ಪ್ರಶ್ನೆಯಿಲ್ಲ. ಮರುದಿನವೂ ಅದನ್ನೇ ಮಾಡಿದ, ಮೇಲೆ ಹೋಗಿ ಚಹಾ ಕುಡಿದೇ ಕೆಳಗೆ ಬಂದ. ಬಂದುಹೋಗುವವರು ಹೋಗಲಿ, ಮಗನೂ ಕೈಬಿಟ್ಟುಹೋಗುತ್ತಿದ್ದಾನೆಂದು ಅಲಕಾಬಾಯಿಯವರಿಗೆ ಖಾತ್ರಿಯಾಯಿತು. ಶ್ರಾವಣದ ಒಂದು ರವಿವಾರ ಮಧ್ಯಾಹ್ನ ಅವರು ಮೇಣದಬತ್ತಿಯ ತುಂಡೊಂದನ್ನು ಮೆತ್ತಗೆ ಮಾಡಿ ಪೆಟ್ಟಿಗೆಯ ತಳದ ಆ ತೂತಿಗೆ ತುಂಬಿದರು. ಇರುವೆ ಹೋಗಬಾರದಲ್ಲ ಎಂದು ತಮಗೆ ತಾವೇ ಹೇಳಿಕೊಂಡರು.

ಮಳೆ ತನ್ನ ಕೆಲಸವನ್ನು ನಿಧಾನವಾಗಿ ಮಾಡಿತು. ಮುಂದೊಂದು ಸಂಜೆ, ಧೋ ಎಂದು ಸುರಿಯುವಾಗ, ಆಶಿಶ್ ಮೇಲಿನ ಗಂಟೆ ಬಾರಿಸಿದ, ವರದಾ ಒತ್ತಿದಳು, ಲಾಕ್ ಗುಂಯ್ ಎಂದಿತೇ ಹೊರತು ಬಿಡಲಿಲ್ಲ. ಅಲಕಾಬಾಯಿಯವರಿಗೆ ಹಬ್ಬವಾಯಿತು. ರೇನ್‌ಕೋಟು ಹೊದ್ದು, ಕೀಲಿಕೈ ಹಿಡಿದು, ಬಹುದಿನಗಳ ಮೇಲೆ ಆ ಪೂರ್ಣಗಾಂಭೀರ್ಯದಲ್ಲಿ ಅಂಗಳ ದಾಟಿದರು. ಕೀಲಿಕೈ ಒಳಗೆ ಹೋಯಿತು, ತಿರುಗಲಿಲ್ಲ. ತುಕ್ಕು ಯಾರ ಕೈಯೆಂದು ನೋಡುವುದಿಲ್ಲ. ಕಂಬಿಗಳಾಚೆ ತೊಯ್ದು ತೊಪ್ಪೆಯಾಗಿ ನಿಂತ ಮಗ, ಎದುರಿಗಿದ್ದ ತಾಯಿಯನ್ನು ಬಿಟ್ಟು ತಲೆಯೆತ್ತಿ ವರಾಂಡದ ಕಡೆ ಕೂಗಿದ:

"ಕಾಕೂ, ಇನ್ನೊಮ್ಮಿ ಒತ್ತಿ ನೋಡು."

ಕಡೆಗೆ ಅವನು ಗೋಡೆ ಹತ್ತಿ ಒಳಗೆ ಹಾರಿದ.

ಮರುದಿನ ಸುಮಿತ ಬಂದು ಮುಚ್ಚಳ ಬಿಚ್ಚಿದ. ಕೆಂಪು ನೀರು ಬಳಬಳ ಸುರಿಯಿತು. ತಳದಲ್ಲಿ ಬೆರಳಾಡಿಸಿ, ಮೇಣದ ಉಂಡೆ ಹಿಡಿದು, ಇದನ್ನು ಯಾರು ಮುಚ್ಚಿದಿರಿ ಎಂದು ಕೇಳಿದ. ಮನೆಮಂದಿಯೆಲ್ಲ ನಿಂತಿದ್ದರು. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಮೇಲಿನ ವರಾಂಡದಿಂದ ಗೇಟು ಅಂಗೈಯಷ್ಟು ಸ್ಪಷ್ಟವಾಗಿ ಕಾಣುತ್ತದೆಂಬುದು ಅಲಕಾಬಾಯಿಯವರಿಗೆ ಆಗ ಹೊಳೆಯಿತು. ಇರುವೆಯ ಮಾತನ್ನು ನಾಲಗೆಯ ತುದಿಗೆ ತಂದುಕೊಂಡರು. ಅಷ್ಟರಲ್ಲಿ ವರದಾ ಅವರ ಕಡೆ ಒಂದು ಗಳಿಗೆ ನೋಡಿ, ಸುಮಿತನತ್ತ ತಿರುಗಿದಳು.

"ಅದನ್ನ ನಾನ ಮುಚ್ಚಿದ್ದೆಪ್ಪಾ. ಇರುವಿ ಒಳಗ ಹೋಗ್ತಾವ ಅಂತ. ತಪ್ಪಾತು."

ಎಲ್ಲರೂ ನಕ್ಕರು. ಆಶಿಶ್ ಕಾಕುವನ್ನು ದಿನವಿಡೀ ಕಾಡಿಸಿದ. ಹೊಸ ಲಾಕ್ ಬಂತು, ವರದಾ ಆ ವಿಷಯವನ್ನು ಮತ್ತೆಂದೂ ಎತ್ತಲಿಲ್ಲ. ಆಕೆ ಬೈದಿದ್ದರೆ ಅಲಕಾಬಾಯಿಯವರೂ ನಾಲ್ಕು ಮಾತು ತಿರುಗಿ ಬೈದು, ಅತ್ತು ಕರೆದು, ಸಂಜೆಗೆ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತಿದ್ದರು. ಬೈಯಲಿಲ್ಲ. ಬಂದುಹೋಗುವವರು, ಮಗ, ಕಡೆಗೆ ತಾವು ಕಟ್ಟಿಟ್ಟುಕೊಂಡಿದ್ದ ನೆಪ ಕೂಡ ಮೇಲಿನ ಮಹಡಿಯ ಪಾಲಾಗಿದ್ದವು. ಅದರ ಮೇಲೆ ಈಗ ದೊಡ್ಡತನವೂ. ವರದಾಳ ಬೇರೆಲ್ಲವನ್ನೂ ಅವರು ಒಂದಲ್ಲ ಒಂದು ದಿನ ಮನ್ನಿಸಿಯಾರು, ಇದನ್ನು ಈವರೆಗೂ ಮನ್ನಿಸಿಲ್ಲ.

ಮತ್ಸರವುಳ್ಳವರನ್ನು ನಾವು ಕ್ಷುದ್ರರೆಂದು ತಿಳಿದು ದೂರವಿಡುತ್ತೇವೆ. ಅವರ ಕಷ್ಟ ಬಲ್ಲವರು ಕಡಿಮೆ. ಸೋಲನ್ನು ಅವರು ತಾಳಿಕೊಳ್ಳುತ್ತಾರೆ, ಶಿಕ್ಷೆಯನ್ನೂ ತಾಳಿಕೊಳ್ಳುತ್ತಾರೆ, ಏಕೆಂದರೆ ಕಾದಾಡುವಷ್ಟು ಹೊತ್ತು ಅವರು ಎದುರಾಳಿಗೆ ಸರಿಸಮಾನರು. ಆ ಎದುರಾಳಿಯೇ ಸದ್ದಿಲ್ಲದೆ ಕ್ಷಮಿಸಿಬಿಟ್ಟಾಗ, ಉರಿಯಲಿಕ್ಕೂ ಅವರಿಗೊಂದು ನ್ಯಾಯವಾದ ಕಾರಣ ಉಳಿಯುವುದಿಲ್ಲ. ಉರಿ ಮಾತ್ರ ಉಳಿಯುತ್ತದೆ.