ಮೀನಿನ ತಲೆಗೆ ಕಟ್ಟಿದ ಭೇದಿ

ವಸಂತಕ್ಕೆ ಬರುವ ಶಮ್ ಅನ್ನಸೀಮ್ ಹಬ್ಬದ ಮರುದಿನ ಬೆಳಿಗ್ಗೆ ಉಸ್ತಾ ಬದವಿ ಹೊರಗೆ ಬರಲು ಮುಖವಿಲ್ಲದೆ ಕಕ್ಕಸಿನಲ್ಲೇ ಕೂತಿದ್ದ. ಹಾಸಿಗೆಯಿಂದ ಎದ್ದು ಓಡಿ ಬರುವಷ್ಟರಲ್ಲಿ ಅರ್ಧ ದಾರಿಯಲ್ಲೇ ನಿಲುವಂಗಿ ಹಾಳಾಗಿತ್ತು. ಐವತ್ತು ದಾಟಿದ ಗಂಡಸು, ನಬರೋಹದ ಅರ್ಧ ಊರಿನ ತಲೆ ಬಗ್ಗಿಸಿದ ಕ್ಷೌರಿಕ, ಕೂಸಿನ ಹಾಗೆ ಬಟ್ಟೆಯಲ್ಲೇ ಮಾಡಿಕೊಂಡಿದ್ದ! ಅಂಗಿಯನ್ನು ಬಕೆಟ್ಟಿನಲ್ಲಿ ನೆನೆಹಾಕಿ, ಹೆಂಡತಿಯ ಕಣ್ಣಿಗೆ ಬೀಳದಂತೆ ಅದನ್ನು ಒಗೆಯುವುದು ಹೇಗೆಂದು ಯೋಚಿಸುತ್ತಿದ್ದ.

"ಏನ್ರೀ, ಇದೀರಾ ಇಲ್ಲ ಹೋದ್ರಾ?" ಇನ್ಶಿರಾಹ ಬಾಗಿಲು ಬಡಿದಳು. "ಆ ಫಸೀಖ್ ಬೇಡ, ಬೇಡ ಅಂತ ಬಡ್ಕೊಂಡೆ. ಉಪ್ಪಲ್ಲಿ ಕೊಳೆಸಿದ ಮೀನು ಕಂಡ್ರೆ ಬಾಯಿ ಬಿಡ್ತೀರಲ್ಲ, ಈಗ ಅನುಭವಿಸಿ! ಅದೇ ಮೀನು, ಇನ್ನೇನು?"

ಮೀನು! ಬದವಿಗೆ ಹೋದ ಜೀವ ಬಂದಂತಾಯಿತು. "ಹೂಂ ಕಣೇ, ಮೀನೇ ಇರ್ಬೇಕು," ಎಂದ ಒಳಗಿನಿಂದಲೇ.

ಅಲ್ಲವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಕೊರೊನಾ ಬಂದ ಮೊದಲ ವರ್ಷ ಅದು. ಹಿಂದಿನ ವಾರ, ಕೈರೋಗೆ ಹೋಗಿಬಂದು ಮಲಗಿದ್ದ ಹತ್ತಿ ವ್ಯಾಪಾರಿ ಫಾಯಿಜ್‌ನ ಮನೆಗೆ ಅವನು ಹಿಂಬಾಗಿಲಿನಿಂದ ಹೋಗಿ ಕ್ಷೌರ ಮಾಡಿ ಬಂದಿದ್ದ. ಫಾಯಿಜ್ ಅವನ ಮುಖದ ಮೇಲೇ ಕೆಮ್ಮಿದ್ದ. ಆಮೇಲೆ ಬಿಳಿ ಉಡುಪಿನವರು ಬಂದು ಫಾಯಿಜ್‌ನನ್ನು ಆಂಬುಲೆನ್ಸಿಗೆ ಹಾಕಿಕೊಂಡು ಹೋದರು. ಅಂದಿನಿಂದ ಆ ಮನೆಗೆ ರೊಟ್ಟಿ ಅಂಗಡಿಯವನು ರೊಟ್ಟಿ ಕೊಡಲಿಲ್ಲ, ಮಗಳ ನಿಶ್ಚಿತಾರ್ಥ ಮುರಿದುಬಿತ್ತು. ಬದವಿ ತಾನು ಅಲ್ಲಿಗೆ ಹೋಗಿದ್ದನ್ನು ಯಾರಿಗೂ ಹೇಳಿರಲಿಲ್ಲ.

ಇನ್ನೊಂದು ವಿಷಯವೂ ಇತ್ತು. ಫಸೀಖ್ ಬಿಚ್ಚಿದರೆ ಬೀದಿಗೆ ಬೀದಿಯೇ ಮೂಗು ಮುಚ್ಚಬೇಕು. ಹಬ್ಬದ ದಿನ ಇನ್ಶಿರಾಹ ತನ್ನ ಮೊಟ್ಟೆ, ಈರುಳ್ಳಿ ಹಿಡಿದು ತಾರಸಿಗೆ ಓಡಿಹೋದಳು. ಬದವಿಗೆ ಮಾತ್ರ ನೀರು ಮೂಸಿದ ಹಾಗಿತ್ತು. ಟಿವಿಯಲ್ಲಿ ಡಾಕ್ಟರೊಬ್ಬರು, ಈ ರೋಗ ಎಲ್ಲರಿಗೂ ಎದೆಗೇ ಬರಬೇಕೆಂದಿಲ್ಲ, ಕೆಲವರಿಗೆ ಕೆಮ್ಮೂ ಇಲ್ಲದೆ ಹೊಟ್ಟೆಗೆ ಇಳಿಯುತ್ತದೆ, ವಾಂತಿ ಭೇದಿಯಿಂದಲೇ ಶುರುವಾಗುತ್ತದೆ ಎಂದಿದ್ದರು. ಬದವಿ ಎದ್ದು ಹೋಗಿ ಟಿವಿ ಆರಿಸಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡನಂತೆ, ಹಾಗೆ.

ಅಷ್ಟರಲ್ಲಿ ಇನ್ಶಿರಾಹ ಬಾಲ್ಕನಿಯಲ್ಲಿ ನಿಂತು ಬೀದಿಗೆಲ್ಲ ಸಾರಿಬಿಟ್ಟಳು. "ಉಮ್ಮ್ ಬಸ್ಯೂನಿ ನನ್ ಗಂಡನಿಗೆ ವಿಷ ಹಾಕಿದಾಳೆ! ಯಾರೂ ಅವಳ ಮೀನು ಮುಟ್ಬೇಡಿ!"

ಉಮ್ಮ್ ಬಸ್ಯೂನಿ ಬೀದಿಯ ಕೊನೆಯ ಮನೆಯ ವಿಧವೆ. ಗಂಡ ಸತ್ತ ಮೇಲೆ ಮೀನಿಗೆ ಉಪ್ಪು ಹಾಕಿ ಹಾಕಿ ಮಕ್ಕಳನ್ನು ದಡ ಮುಟ್ಟಿಸಿದವಳು. ರಂಜಾನ್ ಮುಗಿದ ಮೇಲೆ ಬರುವ ಈದ್ ಹಬ್ಬಕ್ಕೆಂದು ಅಂಗಳದ ತುಂಬ ಪೀಪಾಯಿಗಳನ್ನು ಜೋಡಿಸಿಟ್ಟಿದ್ದಳು; ವರ್ಷದ ಅನ್ನ ಅದರಲ್ಲೇ ಇತ್ತು. ಫಸೀಖ್ ಮಾರುವವರಿಗೆ ಹೆಸರೇ ಬಂಡವಾಳ. ಒಬ್ಬನ ಹೊಟ್ಟೆ ಕೆಟ್ಟಿತೆಂದರೆ ಮುಗಿಯಿತು.

ಬದವಿ ಬೇರೆ ಅಂಗಿ ತೊಟ್ಟು ಹೊರಗೆ ಬಂದು ಕೂರುವಷ್ಟರಲ್ಲಿ ಅವಳು ಮೆಟ್ಟಿಲು ಹತ್ತಿ ಧುಮುಧುಮು ಬಂದಳು. ಹಿಂದೆ ಅರ್ಧ ಬೀದಿ, ಬಾಗಿಲವರೆಗೆ.

"ಎಲ್ಲಿದೆ ಉಳಿದ ಮೀನು? ತಗೊಂಬಾ ಇಲ್ಲಿ!" ಎಂದು ಇನ್ಶಿರಾಹಳಿಗೆ ಗದರಿದಳು. "ನನ್ ಕೈ ಕೆಟ್ಟಿದ್ರೆ ನನ್ ಹೊಟ್ಟೇನೂ ಕೆಡ್ಲಿ. ನಿಮ್ಮೆಲ್ರ ಕಣ್ಣೆದುರಿಗೇ ತಿಂತೀನಿ."

ನಬರೋಹದಲ್ಲಿ ಹಾಗೇ, ಮೀನಿನ ಮೇಲೆ ದೂರು ಬಂದರೆ ಮಾಡಿದವರೇ ದೂರಿದವರ ಮನೆಯಲ್ಲಿ ಕೂತು, ಅವರ ತಟ್ಟೆಯಲ್ಲೇ ತಿಂದು ತೋರಿಸಬೇಕು. ಇನ್ಶಿರಾಹ ತಟ್ಟೆ ತಂದಿಟ್ಟಳು. ಬದವಿಯ ಬೆರಳು ಆಡಿದ ಅದೇ ತಟ್ಟೆ, ಅವನು ಕಚ್ಚಿ ಬಿಟ್ಟ ಅದೇ ರೊಟ್ಟಿ. ಉಮ್ಮ್ ಬಸ್ಯೂನಿ ಅವನ ಮಗ್ಗುಲಲ್ಲೇ ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತಳು.

"ನೀನೇ ಹೇಳು ತಮ್ಮಾ," ಎಂದಳು ಮುಖದ ಹತ್ತಿರ ಮುಖ ತಂದು. "ಇಷ್ಟು ವರ್ಷದಲ್ಲಿ ಒಂದ್ಸಲನಾದ್ರೂ ನನ್ ಮೀನು ನಿಂಗೆ ಮೋಸ ಮಾಡಿದ್ಯಾ?"

ತಿನ್ನಬೇಡ ಅಕ್ಕಾ, ದೂರ ಹೋಗು ಎನ್ನುವ ಮಾತು ಬದವಿಯ ಗಂಟಲಿನ ತನಕ ಬಂತು. ಬಾಗಿಲಲ್ಲಿ ಜನ. ಆಂಬುಲೆನ್ಸು, ಅಂಗಡಿಗೆ ಬೀಗ, ಕಲ್ಲು ಹೊಡೆಯುವ ಹುಡುಗರು ಎಲ್ಲ ಕಣ್ಣ ಮುಂದೆ ಬಂದವು. "ಹಿಂದೆ ಮಾಡಿಲ್ಲ ಅಕ್ಕಾ," ಎಂದ. "ಈ ಸಲ ಯಾಕೋ…"

ನಾಲಿಗೆ ಬಿದ್ದುಹೋಗಬಾರದಿತ್ತೇ! ಬೀಳಲಿಲ್ಲ. ಅವಳು ಒಂದು ಮುಳ್ಳೂ ಬಿಡದೆ ತಿಂದು, ತಟ್ಟೆಯನ್ನು ರೊಟ್ಟಿಯಿಂದ ಒರೆಸಿ, ಎದ್ದು ಹೋದಳು. ಅವನು ಹೊಟ್ಟೆ ಹಿಡಿದುಕೊಂಡು ಮತ್ತೆ ಕಕ್ಕಸಿಗೆ ಓಡಿದ. ಆ ದಿನ ಅಲ್ಲಿ ಕೂತು ಅತ್ತದ್ದು ಹೊಟ್ಟೆನೋವಿಗಲ್ಲ.

ನಾಲ್ಕೈದು ದಿನ ಕಳೆದವು. ಉಮ್ಮ್ ಬಸ್ಯೂನಿಗೆ ಭೇದಿ ಹಿಡಿಯಿತು. ಅನ್ನದ ಗಂಜಿಯೂ ನಿಲ್ಲಲಿಲ್ಲ, ಕುಡಿದ ನೀರೂ ವಾಪಸು.

"ನೋಡಿದ್ರಾ!" ಎಂದಿತು ಬೀದಿ. "ಉಪ್ಪು ತಿಂದು ತಿಂದು ಗಟ್ಟಿಯಾದ ಹೊಟ್ಟೆ, ಅದಕ್ಕೇ ತಡ ಆಯ್ತು. ತನ್ ಮೀನು ತನ್ನನ್ನೇ ತಿಂತು."

ಬೀದಿ ಹೇಳಿದ್ದು ಹಾಗಿರಲಿ, ಅವಳೇ ನಂಬಿದಳು. ಜ್ವರದಲ್ಲಿ ಹಲ್ಲು ಕಟಕಟಿಸುತ್ತ ಮಕ್ಕಳನ್ನು ಕರೆಸಿ ಪೀಪಾಯಿಗಳನ್ನೆಲ್ಲ ಕಾಲುವೆಗೆ ಸುರಿಸಿದಳು. ಇನ್ಶಿರಾಹ ಬಾಲ್ಕನಿಯಿಂದ ನೋಡಿ ಬಂದು, "ಪಾಪ ಕಣ್ರೀ," ಎಂದು ಕಣ್ಣೊರೆಸಿಕೊಂಡಳು. ಬದವಿ ಗೋಡೆ ಕಡೆ ತಿರುಗಿ ಮಲಗಿದ. ಅವಳು ಸತ್ತರೆ ತಾನು ಕೊಲೆಗಾರ, ಬದುಕಿದರೆ ಅವಳ ಅನ್ನ ಕದ್ದ ಕಳ್ಳ. ಬದುಕಲಿ ದೇವರೇ, ಎದ್ದರೆ ಹೋಗಿ ಕಾಲು ಹಿಡಿದು ಎಲ್ಲ ಹೇಳುತ್ತೇನೆ ಎಂದು ಹರಕೆ ಹೊತ್ತ.

ಅವಳು ಬದುಕಿದಳು. ಈದ್ ಕಳೆದ ಮೇಲೆ ಒಂದು ಮಧ್ಯಾಹ್ನ ಗೋಡೆ ಹಿಡಿದುಕೊಂಡು ಅವನ ಅಂಗಡಿಗೇ ಬಂದಳು. ಮೈಮೇಲಿನ ಕಪ್ಪು ಉಡುಪು ಬೇರೆ ಯಾರದೋ ಎನ್ನುವಷ್ಟು ಇಳಿದುಹೋಗಿದ್ದಳು. ಕುರ್ಚಿಯಲ್ಲಿ ರೊಟ್ಟಿ ಅಂಗಡಿಯವನು ಕೂತಿದ್ದ. ಬಾಗಿಲಲ್ಲಿ ಇನ್ನಿಬ್ಬರು ಸರದಿ ಕಾಯುತ್ತಿದ್ದರು.

"ಬದವಿ ತಮ್ಮಾ," ಎಂದಳು, ನಿಂತಲ್ಲಿಂದಲೇ. "ನಿನ್ ಮನೇಲಿ ಕೂತು ಜಂಬ ಕೊಚ್ಚಿ ತಿಂದೆ. ದೇವ್ರು ನನ್ ಹೊಟ್ಟೇಲೇ ತೋರಿಸ್ದ. ಇಷ್ಟು ವರ್ಷ ಇನ್ನೆಷ್ಟು ಜನಕ್ಕೆ ಏನು ತಿನ್ಸಿದೀನೋ ಅಂತ ನಿದ್ದೆ ಬರಲ್ಲ. ಇನ್ಮೇಲೆ ಮೀನಿಗೆ ಕೈ ಹಾಕಲ್ಲ ಅಂತ ಆಣೆ ಇಟ್ಟಿದೀನಿ. ನಂದು ತಪ್ಪಾಯ್ತು, ನನ್ನ ಮಾಫ್ ಮಾಡು."

ಹೇಳು, ಈಗ ಹೇಳು ಎಂದಿತು ಮನಸ್ಸು. ರೊಟ್ಟಿ ಅಂಗಡಿಯವನು ಕುತ್ತಿಗೆ ತಿರುಗಿಸಿ ನೋಡುತ್ತಿದ್ದ. ಬದವಿಯ ಬಾಯಿ ತೆರೆಯಿತು.

"ಮಾಫ್ ಮಾಡಿದೀನಿ ಅಕ್ಕಾ," ಎಂದ.

ಅವಳು ಎರಡೂ ಕೈ ಎತ್ತಿ ಅವನಿಗೂ ಅವನ ಮನೆಗೂ ಆಯುಸ್ಸು ಕೇಳಿಕೊಂಡಳು. ಆಮೇಲೆ ಗೋಡೆ ಹಿಡಿದುಕೊಂಡು ಹೊರಟುಹೋದಳು.

"ದೊಡ್ ಮನಸ್ಸು ಉಸ್ತಾ ನಿಂದು," ಎಂದ ರೊಟ್ಟಿ ಅಂಗಡಿಯವನು. "ನಾನಾಗಿದ್ರೆ ಮಾಫ್ ಮಾಡ್ತಿರ್ಲಿಲ್ಲ."

"ತಲೆ ಬಗ್ಗಿಸು," ಎಂದ ಬದವಿ, ಅವನು ತನ್ನ ಮುಖ ನೋಡದಿರಲೆಂದು.